ಅಜ್ಜನ ಮೂವತ್ತಮೂರನೆಯ ಹಲ್ಲು

ನವೆಂಬರ್ ೯, ಭಾನುವಾರ. ಮಂಜಲ್‌ಪುರ, ಬರೋಡ

ಮಾನ್ಯ ನ್ಯಾಯಾಧೀಶರಾದ ದಿನಚರಿಯವರೇ, ತಪ್ಪೊಪ್ಪಿಗೆಯೊಂದನ್ನು ಸಲ್ಲಿಸುತ್ತಿದ್ದೇನೆ. ಆರೋಪಿಯ ಹೆಸರು ಗುರುಕಿರಣ. ವಯಸ್ಸು ಮೂವತ್ತನಾಲ್ಕು. ವೃತ್ತಿ, ಅಹಮದಾಬಾದಿನ ವಿಮಾ ಕಚೇರಿಯಲ್ಲಿ ಸತ್ತವರ ಕಾಗದಪತ್ರ ಪರಿಶೀಲಿಸುವುದು. ಪ್ರವೃತ್ತಿ, ಅಲ್ಲಿಯ ಕನ್ನಡಿಗರ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು ಬದುಕಿರುವವರನ್ನು ನಗಿಸುವುದು. ಸದರಿ ಆರೋಪಿಯು ಇಂದು ಬೆಳಿಗ್ಗೆ, ಮನೆಯಲ್ಲಿ ಸೂತಕವಿದ್ದು ಒಗ್ಗರಣೆಯ ಸದ್ದೇ ಏಳಬಾರದ ದಿನಗಳಲ್ಲಿ, ಹಾಲು ತರುತ್ತೇನೆಂದು ಚೀಲ ಹಿಡಿದು ಹೊರಟು, ಮಕರ್‌ಪುರಾ ರಸ್ತೆಯ ಹಾಲಪ್ಪನ ಕ್ಯಾಂಟೀನಿನಲ್ಲಿ ಇಡ್ಲಿಯನ್ನೂ, ಸಾಸಿವೆ ಕರಿಬೇವು ಇಂಗು ಸಮೇತ ಒಗ್ಗರಣೆ ಬಿದ್ದ ಚಟ್ನಿಯನ್ನೂ ತಿಂದಿದ್ದಾನೆ. ಕೇಳಿ ಎರಡನೆಯ ಸಲ ಹಾಕಿಸಿಕೊಂಡಿದ್ದಾನೆ. ಅನಂತರ ಬಾಯಿ ಮುಕ್ಕಳಿಸಿ ಸಾಕ್ಷ್ಯ ನಾಶ ಮಾಡಿದ್ದಾನೆ.

ಸಾಕ್ಷ್ಯ ಅಂಗಿಯಲ್ಲಿ ಉಳಿದಿತ್ತು. ಬಾಗಿಲಲ್ಲೇ ಅಮ್ಮ ಮೂಸಿದಳು. "ಇಂಗು," ಎಂದಳು. ಹಾಲು ತೆಗೆದುಕೊಂಡು ಒಳಗೆ ಹೋದಳು. ಅಷ್ಟೇ. ಬೈಯಲಿಲ್ಲ. ನಾಲ್ಕು ದಿನದಿಂದ ಅಮ್ಮ, ಅಂದರೆ ಕಮಲಾಕ್ಷಿ ದೇವಿಯವರು, ಯಾರಿಗೂ ಬೈದಿಲ್ಲ. ಈ ಮನೆಯಲ್ಲಿ ನನಗೆ ನಿಜಕ್ಕೂ ಹೆದರಿಕೆಯಾಗುತ್ತಿರುವುದು ಅದೊಂದಕ್ಕೇ.

ಅಜ್ಜ ಬುಧವಾರ ಹೋದರು. ಮಧ್ಯಾಹ್ನ ಊಟ ಮಾಡಿ, ಮಜ್ಜಿಗೆ ಕುಡಿದು, ಹಲ್ಲಿನ ಸೆಟ್ಟು ತೆಗೆದು ಲೋಟದಲ್ಲಿಟ್ಟು, ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತರು. ಚಹಾಕ್ಕೆ ಕರೆದಾಗ ಏಳಲಿಲ್ಲ. ಚಹಾಕ್ಕೆ ಏಳದ ಅಜ್ಜನನ್ನು ಕಂಡಾಗಲೇ ಅಮ್ಮನಿಗೆ ಗೊತ್ತಾಯಿತಂತೆ.

ರಾಮಕೃಷ್ಣ ಆಚಾರ್ಯರು. ಕಲ್ಲು ಕುಟ್ಟುವುದು ಕಸುಬು. ಹಾಗೆಂದರೆ ಇಲ್ಲಿಯವರು ರಸ್ತೆ ಕೆಲಸವೆಂದು ತಿಳಿಯುತ್ತಿದ್ದರು, ಅಜ್ಜನಿಗೆ ಸಿಟ್ಟು ಬರುತ್ತಿತ್ತು. ಹೋಟೆಲಿನ ರುಬ್ಬುವ ಕಲ್ಲು ತಿರುಗಿ ತಿರುಗಿ ನುಣುಪಾಗುತ್ತದೆ. ನುಣುಪಾದ ಕಲ್ಲು ಅರೆಯುವುದಿಲ್ಲ, ಸುಮ್ಮನೆ ಮೈ ಸವರಿ ಕಳಿಸುತ್ತದೆ. ಆಗ ಉಳಿ ಸುತ್ತಿಗೆ ಹಿಡಿದು ಅದರ ಮೈತುಂಬ ಚುಕ್ಕಿ ಚುಕ್ಕಿಯಾಗಿ ಪೆಟ್ಟು ಕೊಟ್ಟು ಮತ್ತೆ ಒರಟು ಮಾಡಬೇಕು. ಉಡುಪಿ ಕಡೆಯ ಹೋಟೆಲಿನವರ ಬೆನ್ನಿಗೆ ಬಂದ ಅಜ್ಜ ಸೂರತ್ತಿನಿಂದ ಅಹಮದಾಬಾದಿನವರೆಗೆ ಅದನ್ನೇ ಮಾಡಿದರು. "ಬರೋಡಕ್ಕೆ ಬರುದು ಹೇಗೆ ಅಂತ ಮಾತ್ರ ನನಗೆ ಕಲಿಸಿದ್ದು, ಹೋಗುದು ಹೇಗೆ ಅಂತ ಯಾರೂ ಹೇಳ್ಲಿಲ್ಲ," ಎನ್ನುತ್ತಿದ್ದರು. ನನ್ನ ಶ್ಲೇಷೆಯ ಚಟ ಪಿತ್ರಾರ್ಜಿತ.

ಇನ್ನೊಂದು ಪಿತ್ರಾರ್ಜಿತ ಆಸ್ತಿ ನನ್ನ ನಾಲಿಗೆ. ಹೊಸದಾಗಿ ಕುಟ್ಟಿದ ಕಲ್ಲಿನಲ್ಲಿ ಮೊದಲ ಸಲ ಅರೆದ ಚಟ್ನಿಯನ್ನು ಕುಟ್ಟಿದವನೇ ತಿಂದು, ಹಲ್ಲಿಗೆ ಮರಳು ಸಿಗುವುದಿಲ್ಲವೆಂದು ತೋರಿಸಿಕೊಡಬೇಕು. ಇದು ಕಸುಬಿನ ರೂಢಿ. ಅಜ್ಜನ ಹಲ್ಲು ಪೂರ್ತಿ ಉದುರಿ ಸೆಟ್ಟು ಬಂದ ಮೇಲೆ ಆ ಕೆಲಸಕ್ಕೆ ನನ್ನನ್ನು ನೇಮಿಸಿಕೊಂಡರು. ವಿಂಧ್ಯಾಳಿಗೂ ನನಗೂ ಆಗಿದ್ದ ನಿಶ್ಚಿತಾರ್ಥದಲ್ಲಿ ನಿಶ್ಚಿತವೂ ಉಳಿಯದೆ, ಅರ್ಥವೂ ಉಳಿಯದೆ, ನಾನು ಅಹಮದಾಬಾದಿನ ಚಾಂದ್‌ಖೇಡಾದ ಕೋಣೆಯ ಚಿಲಕ ಹಾಕಿಕೊಂಡು ಬಿದ್ದಿದ್ದ ವರ್ಷ ಅದು. ಫೋನಿನಲ್ಲಿ ಅಜ್ಜ ಹೇಳಿದ್ದು ಇಷ್ಟೇ: "ಭಾನುವಾರ ಸೂರತ್ತಿಗೆ ಹೋಗ್ಲಿಕ್ಕುಂಟು. ನನ್ನ ಹತ್ರ ಹಲ್ಲಿಲ್ಲ. ನೀನು ಬಾ." ಪಾಪ, ಮುದುಕರು, ಒಬ್ಬರೇ ಹೇಗೆ ಹೋದಾರು ಎಂದು ಹೋದೆ. ಅಂದಿನಿಂದ ನಾನು ಅವರ ಮೂವತ್ತಮೂರನೆಯ ಹಲ್ಲು. ಹೋಟೆಲಿನವರಿಗೆಲ್ಲ ಹಾಗೆಂದೇ ಪರಿಚಯಿಸುತ್ತಿದ್ದರು. ದಂತಕಥೆ ಎಂಬ ಪದಕ್ಕೆ ನಾನೇ ಉದಾಹರಣೆ.

ಜಂಬವೆಂದು ತಿಳಿಯಬೇಡಿ, ಇದು ದಾಖಲೆ. ಹೋಟೆಲಿನ ಹುಡುಗರು ನನ್ನ ಮುಂದೆ ಎರಡು ಬಟ್ಟಲು ಇಡುತ್ತಿದ್ದರು, ಒಂದು ಕಲ್ಲಿನದು, ಒಂದು ಮಿಕ್ಸಿಯದು. ಎದುರಿಗೆ ಅಜ್ಜ, ಹುಬ್ಬಿನ ಮೇಲೆಲ್ಲ ಕಲ್ಲಿನ ಬಿಳಿ ಪುಡಿ. ನಾನು ಕಣ್ಣು ಮುಚ್ಚಿ, ಒಂದೊಂದು ಬೆರಳು ನೆಕ್ಕಿ, ತೀರ್ಪು ಕೊಡುತ್ತಿದ್ದೆ. ಸೋತಿಲ್ಲ. ಒಂದು ಸಲವೂ ಸೋತಿಲ್ಲ. ಹಾಲಪ್ಪನ ಚಟ್ನಿ ಮಿಕ್ಸಿಯದೆಂದು ಇವತ್ತು ನಾಲಿಗೆಗೆ ತಾಗಿದ ಕೂಡಲೇ ಗೊತ್ತಾಯಿತು. ಮಿಕ್ಸಿ ಕಣ್ಣೆದುರೇ ಗುರ್ ಎನ್ನುತ್ತಿದ್ದದ್ದು ಬೇರೆ ವಿಷಯ.

ನವೆಂಬರ್ ೧೦, ಸೋಮವಾರ

ಹದಿಮೂರನೆಯ ದಿನದ ಮಾತು ಬಂತು. ಅಂದು ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಕೋಣೆಯೊಳಗಿಟ್ಟು, ಬಾಗಿಲು ಮುಚ್ಚಿ, ನಾವೆಲ್ಲ ಹೊರಗೆ ಕಾಯುವುದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ತೆರೆಯುವುದು. ಅಷ್ಟರಲ್ಲಿ ಅವರು ಬಂದು ಉಂಡು ಹೋಗಿರುತ್ತಾರೆಂದು ನಂಬಿಕೆ.

ಅಪ್ಪ, ಅಂದರೆ ರೈಲ್ವೆಯಿಂದ ನಿವೃತ್ತರಾದ ಚಂದ್ರಶೇಖರ ಆಚಾರ್ಯರು, ಬೋಳಿಸಿದ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರು. "ಎಂತೆಂತ ಮಾಡುದು?" ಎಂದು ಕೇಳಿದರು.

ಅಮ್ಮ ಹೇಳಿದಳು: "ಉಳಿದದ್ದೆಲ್ಲ ಮಾಡ್ಬಹುದು. ಚಟ್ನಿಗೆ ಎಂತ ಮಾಡುದು? ಮಾವ ಹೇಳಿದ್ದು ನೆನಪುಂಟಲ್ಲ ನಿಮಗೆ?"

ಯಾರಿಗೆ ನೆನಪಿಲ್ಲ? 'ದಿನಾ ಮಿಕ್ಸಿ ಚಟ್ನಿ ತಿಂತೇನೆ, ತಕರಾರಿಲ್ಲ. ಆದ್ರೆ ನನ್ನ ಎಲೆಗೆ ಮಾತ್ರ ಮಿಕ್ಸಿಯದ್ದು ಬಡಿಸಿದ್ರೆ ಎದ್ದು ಬಂದು ಕೇಳ್ತೇನೆ' ಎಂದು ಅಜ್ಜ ಪ್ರತಿ ಹಬ್ಬಕ್ಕೂ ಹೆದರಿಸುತ್ತಿದ್ದರು.

ನನ್ನ ತಂಗಿ ವರ್ಷಿಣಿ ಬರೋಡದಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಮೂರು ಭಾಷೆಗಳ ಹೆಗಲ ಮೇಲೆ ಕೈಹಾಕಿಕೊಂಡು ನಡೆಯುತ್ತದೆ. ಅವಳು ಮೊಬೈಲಿನಿಂದ ತಲೆ ಎತ್ತದೆ ಹೇಳಿದಳು: "ತೋ ಮಿಕ್ಸಿದೇ ಬಡಿಸಿ ನಾ, ಅಮ್ಮಾ. ಅಜ್ಜ ಎದ್ದು ಬರ್ತಾರಲ್ಲ."

ಅಪ್ಪ ಟವೆಲನ್ನು ಮುಖಕ್ಕೆ ಎಳೆದುಕೊಂಡರು. ಇಂಥ ಹೊತ್ತಿನಲ್ಲಿ ಏನಾದರೊಂದು ಹೇಳಿ ನಗಿಸುವುದು ನನ್ನ ಖಾತೆ. ನಗಿಸಲು ಏನೂ ಸಿಗದೆ, "ಕಲ್ಲು ನಾನು ಹುಡುಕ್ತೇನೆ," ಎಂದುಬಿಟ್ಟೆ.

ನಮ್ಮ ಮನೆಯಲ್ಲೇ ಒಂದು ಕಲ್ಲಿತ್ತು. ಅಮ್ಮನ ಹೆಗಲು ಹಿಡಿದುಕೊಂಡ ವರ್ಷ ಅಜ್ಜನೇ ಅದನ್ನು ಯಾರಿಗೋ ಕೊಟ್ಟು, ಮಿಕ್ಸಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. "ಕಲ್ಲು ಕುಟ್ಟುವವನ ಸೊಸೆ ಕಲ್ಲೇ ತಿರುಗಿಸ್ಬೇಕು ಅಂತ ಯಾವ ಶಾಸ್ತ್ರದಲ್ಲುಂಟು?" ಎಂದಿದ್ದರಂತೆ. ಅಮ್ಮ ಇದನ್ನು ಇವತ್ತು ಮಿಕ್ಸಿ ಒರೆಸುತ್ತ ಹೇಳಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಕಲ್ಲು ಸಿಕ್ಕರೆ ಸಾಲದು, ಅದರ ಮೇಲೆ ಅಜ್ಜನ ಪೆಟ್ಟು ಉಳಿದಿರಬೇಕು. ಇದನ್ನು ಬರೆಯುವಾಗ ಹೊಳೆಯಿತು: ಬಡಗಿಯ ಕುರ್ಚಿ ಉಳಿಯುತ್ತದೆ, ಅಕ್ಕಸಾಲಿಯ ಸರ ಉಳಿಯುತ್ತದೆ. ಅಜ್ಜನ ಕೆಲಸ ಕೆಲವು ತಿಂಗಳಲ್ಲಿ ಸವೆದು, ಹಿಟ್ಟಿನ ಜೊತೆ ಜನರ ಹೊಟ್ಟೆಗೆ ಹೋಗುತ್ತದೆ. "ಗುಜರಾತಿನವರ ಹೊಟ್ಟೆಯಲ್ಲಿ ನಾನು ಎಷ್ಟಿದ್ದೇನೆ ಗೊತ್ತುಂಟಾ?" ಎಂದು ಅವರು ಎದೆ ಉಬ್ಬಿಸುತ್ತಿದ್ದರು. ಉಳಿದದ್ದಿದ್ದರೆ ಕೊನೆಕೊನೆಗೆ ಕುಟ್ಟಿದ ಕಲ್ಲುಗಳಲ್ಲಿ ಇರಬೇಕು. ಅವೂ ದಿನಾ ಬೆಳಿಗ್ಗೆ ಸವೆಯುತ್ತಿವೆ. ಬೇಗ ಹೋಗಬೇಕು.

ನವೆಂಬರ್ ೧೧, ಮಂಗಳವಾರ

ಇಲ್ಲೇ ಹತ್ತಿರದ ಒಂದು ಹೋಟೆಲು. ಅಜ್ಜ ವರ್ಷಗಟ್ಟಲೆ ಹೋಗಿಬರುತ್ತಿದ್ದ ಜಾಗ. ಅಡುಗೆಮನೆಯಲ್ಲಿ ಈಗ ಮಗುಚಿದರೆ ಹಿಟ್ಟು ಸುರಿಯುವ ಸ್ಟೀಲಿನ ಯಂತ್ರವಿದೆ. ಹಳೆಯ ಕಲ್ಲು ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ಆತುಕೊಂಡು ಕೂತಿದೆ. ಕೈಯಾಡಿಸಿದೆ. ಮಗುವಿನ ಕೆನ್ನೆಯ ಹಾಗಿತ್ತು.

ಮಾಲೀಕ ಹೊಸಬ. "ಬೇಕಾದ್ರೆ ತಗೊಂಡು ಹೋಗಿ, ಆದ್ರೆ ಬಾಗಿಲಿಗೆ ಎಂತಾದ್ರೂ ಇಟ್ಟು ಹೋಗಿ," ಎಂದ. ನಗು ಬರಬೇಕಿತ್ತು. ಜೋಕು ಚೆನ್ನಾಗಿಯೇ ಇತ್ತು.

ನವೆಂಬರ್ ೧೩, ಗುರುವಾರ. ಚಾಂದ್‌ಖೇಡಾ, ಅಹಮದಾಬಾದ್

ಹೆಸರಿನಲ್ಲೇ ಚಂದವೂ ಖೇದವೂ ಜೊತೆಗಿರುವ ಊರು. ರಜೆ ವಿಸ್ತರಿಸಲು ಕಚೇರಿಗೆ ಹೋದೆ. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂದು, 'ತುಂಬಲಾರದ ನಷ್ಟ' ಎಂದು ನಾವು ಗ್ರಾಹಕರಿಗೆ ಕಳಿಸುವ ವಾಕ್ಯವನ್ನೇ ನನಗೂ ಹೇಳಿದರು. ಆ ವಾಕ್ಯದ ಕರಡು ನನ್ನದು. ಎಂಥ ಕೆಟ್ಟ ವಾಕ್ಯವೆಂದು ಇವತ್ತು ಗೊತ್ತಾಯಿತು.

ತೈಲ ಕಂಪನಿಯ ಕ್ವಾರ್ಟರ್ಸಿನ ಎದುರು ನಾರಾಯಣರ ಹೋಟೆಲಿದೆ. ಅವರ ಕಲ್ಲು ಇನ್ನೂ ದುಡಿಯುತ್ತಿದೆ. ಹೋಳಿ ಮುಗಿದ ಮೇಲೆ ಅಜ್ಜ ಕುಟ್ಟಿದ್ದು, ನನಗೆ ನೆನಪಿದೆ, ಹಲ್ಲಾಗಿ ನಾನೇ ಇದ್ದೆ. ಆಸೆಯಿಂದ ಓಡಿದೆ.

ನಾರಾಯಣರು ಕಲ್ಲು ತಿರುಗಿಸುವ ಮೋಟಾರು ನಿಲ್ಲಿಸಿ, ಕಲ್ಲು ತೊಳೆಸಿ, ನನ್ನ ಕೈ ಹಿಡಿದು ಅದರ ಮೇಲಿಟ್ಟರು. "ನೋಡಿ. ಎಂತ ಇಲ್ಲ. ದೀಪಾವಳಿಗೆ ಮೊದ್ಲು ಫೋನ್ ಮಾಡಿದ್ದೆ. ಕಲ್ಲು ಜಾರ್ತಾ ಉಂಟು, ಬನ್ನಿ ಆಚಾರ್ರೇ ಅಂದೆ. ‘ನನ್ನ ಹಲ್ಲಿಗೆ ರಜೆ ಸಿಕ್ಕಿದ ಕೂಡ್ಲೇ ಬರ್ತೇನೆ’ ಅಂದ್ರು."

ದೀಪಾವಳಿಗೆ ಮೊದಲು ಹಲ್ಲಿಗೆ ರಜೆ ಇತ್ತು. ಹಲ್ಲು ಗೆಳೆಯರ ಜೊತೆ ಅಬು ಬೆಟ್ಟಕ್ಕೆ ಹೋಗಿತ್ತು.

"ಹಿಟ್ಟು ಹೇಗೆ ಅರೀತೀರಿ ಈಗ?" ಎಂದು ಕೇಳಿದೆ.

"ಜಾಸ್ತಿ ಹೊತ್ತು ತಿರುಗಿಸುದು. ಬೇರೆ ಯಾರನ್ನು ಕರೀಲಿ, ಹೇಳಿ? ಆ ಕೆಲ್ಸದವ್ರು ಈಗ ಎಲ್ಲಿದ್ದಾರೆ?"

ಬಿಸಿ ಇಡ್ಲಿ ತಂದಿಟ್ಟರು. ಸೂತಕವೆಂದು ಬಿಟ್ಟೆ. ಭಾನುವಾರದ ಆರೋಪಿ ಇವತ್ತು ಸಜ್ಜನ, ನ್ಯಾಯಾಧೀಶರು ಗಮನಿಸಬೇಕು.

ನವೆಂಬರ್ ೧೪, ಶುಕ್ರವಾರ. ಮಂಜಲ್‌ಪುರ

ಅಜ್ಜನ ಹಲ್ಲಿನ ಸೆಟ್ಟು ಇನ್ನೂ ಲೋಟದಲ್ಲೇ ಇದೆ. ಯಾರೂ ತೆಗೆದಿಲ್ಲ. ಅಮ್ಮ ದಿನಾ ಬೆಳಿಗ್ಗೆ ನೀರು ಬದಲಾಯಿಸುತ್ತಾಳೆ.

ನವೆಂಬರ್ ೧೫, ಶನಿವಾರ. ಸೂರತ್ತಿನಿಂದ ಬರುವ ರೈಲಿನಲ್ಲಿ

ಇದನ್ನು ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ನನಗೇ ಅರ್ಥವಾಗುವುದಿಲ್ಲ.

ಹೋಗುವಾಗ ಭರೂಚಿನಲ್ಲಿ ಉಪ್ಪುಕಡಲೆಕಾಯಿಯವನು ಬಂದ. ಪ್ರತಿ ಸಲವೂ ಅಜ್ಜ ಒಂದು ಪೊಟ್ಟಣ ಕೊಂಡು ನನ್ನ ಕೈಗಿಡುತ್ತಿದ್ದರು. ಅವರ ಸೆಟ್ಟಿಗೆ ಅದು ಆಗುತ್ತಿರಲಿಲ್ಲ. "ನೀನು ತಿನ್ನು, ನಾನು ಸದ್ದು ಕೇಳ್ತೇನೆ," ಎನ್ನುತ್ತಿದ್ದರು. ಕಿಟಕಿಯ ಹೊರಗೆ ನರ್ಮದೆ ದಾಟುತ್ತಿತ್ತು, ಒಳಗೆ ನಾನು ಕಟಕಟ ಎನ್ನುತ್ತಿದ್ದೆ, ಅಜ್ಜ ಕಣ್ಣು ಮುಚ್ಚಿ ಸಂಗೀತ ಕಛೇರಿಗೆ ಬಂದವರ ಹಾಗೆ ತಲೆಯಾಡಿಸುತ್ತಿದ್ದರು. ಇವತ್ತೂ ಕೊಂಡೆ. ಪೊಟ್ಟಣ ಹಾಗೆಯೇ ಜೇಬಿನಲ್ಲಿದೆ.

ಸೂರತ್ತಿನಲ್ಲಿ, ಜವಳಿ ಮಾರ್ಕೆಟಿನ ಹಿಂದೆ ಗೋಪಾಲಕೃಷ್ಣ ರಾಯರ ಹೋಟೆಲು. ಇದೇ ನನ್ನ ಕೊನೆಯ ಭರವಸೆ. ಮಳೆಗಾಲ ಮುಗಿಯುವಾಗ ಅಜ್ಜನ ಜೊತೆ ಬಂದಿದ್ದೆ. ಅವರು ಕೊನೆಯದಾಗಿ ಕುಟ್ಟಿದ್ದು ಈ ಕಲ್ಲನ್ನೇ. ಅವರು ಹಿತ್ತಿಲಲ್ಲಿ ಕುಟ್ಟುವುದು, ನಾನು ಮುಂದಿನ ಎಸಿ ಕೋಣೆಯಲ್ಲಿ ಕಾಫಿ ಕುಡಿಯುವುದು, ಕೊನೆಗೆ ಒಳಗಿನಿಂದ ಒಂದು ಬಟ್ಟಲು ಚಟ್ನಿ ಬರುವುದು, ಅಜ್ಜ ಕೈ ತೊಳೆದು ಎದುರಿಗೆ ಕೂತು "ಕಲ್ಲು ಯಾರದ್ದು?" ಎಂದು ಕೇಳುವುದು, ನಾನು ಕಣ್ಣು ಮುಚ್ಚಿ ನೆಕ್ಕಿ "ನಿಮ್ಮದೇ ಅಜ್ಜ, ಅನುಮಾನವೇ ಇಲ್ಲ" ಎನ್ನುವುದು. ಇಷ್ಟು ವರ್ಷ ಹೀಗೆಯೇ ನಡೆದದ್ದು.

ರಾಯರು ನನ್ನನ್ನು ನೋಡಿದ ಕೂಡಲೇ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದರು. ತಬ್ಬಿಕೊಂಡರು. ಹದಿಮೂರನೆಯ ದಿನಕ್ಕೆ ನಿಮ್ಮ ಕಲ್ಲಿನಲ್ಲಿ ಒಂದಿಷ್ಟು ಚಟ್ನಿ ಅರೆದು ಕೊಡಬೇಕು, ಸೋಮವಾರ ಬೆಳಿಗ್ಗೆ ಬಂದು ಒಯ್ಯುತ್ತೇನೆ, ಎಂದು ಹೇಳಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡಿದರು.

"ಅದ್ರಲ್ಲಿ ಅರೆಯುದಿಲ್ಲ ಮಾರಾಯಾ."

"ಸವೆದಿದೆಯಾ?"

"ಸವೀಲಿಕ್ಕೆ ಅರೆಯಬೇಕಲ್ಲ."

ಹಿತ್ತಿಲಿಗೆ ಕರೆದುಕೊಂಡು ಹೋದರು. ಗೋಣಿಚೀಲ ಸರಿಸಿದರು. ಕಲ್ಲು ಬಾವಿಯ ಒಣ ತಳದ ಹಾಗೆ ಬೆಳ್ಳಗೆ ಕೂತಿತ್ತು, ಗುಂಡುಕಲ್ಲು ಪಕ್ಕದಲ್ಲಿ. ಮೈತುಂಬ ಪೆಟ್ಟು. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು, ಈಗಷ್ಟೇ ಕುಟ್ಟಿ ಎದ್ದು ಕೈತೊಳೆಯಲು ಹೋದ ಹಾಗೆ.

ರಾಯರು ಮಾತಾಡುತ್ತಲೇ ಇದ್ದರು. ಅವರ ಅಡುಗೆಮನೆಗೆ ಯಂತ್ರ ಬಂದು ಏಳೆಂಟು ವರ್ಷವಾಯಿತಂತೆ. ಚಟ್ನಿಗೆ ಮೊದಲಿನಿಂದಲೂ ಮಿಕ್ಸಿ. "ಇನ್ನು ಬರ್ಬೇಡಿ ಆಚಾರ್ರೇ ಅಂತ ನನ್ನ ಬಾಯಲ್ಲಿ ಬರ್ಲಿಲ್ಲ. ನನ್ನ ಅಪ್ಪನ ಕಾಲದಿಂದ ಬಂದವ್ರು. ಬರ್ತಾರೆ, ಕುಟ್ತಾರೆ, ಊಟ ಮಾಡ್ತಾರೆ, ನಾಲ್ಕು ತಮಾಷೆ ಹೇಳ್ತಾರೆ. ಕಲ್ಲೊಂದು ಇಟ್ಟುಕೊಂಡ್ರೆ ನನಗೆಂತ ನಷ್ಟ? ಅವ್ರಿಗೆ ಗೊತ್ತಾಗುದಿಲ್ಲ ಅಂತ ಎಣಿಸಿದ್ದೆ."

"ಗೊತ್ತಾಗಲಿಲ್ಲವಾ?"

"ಮಾರಾಯಾ, ಅವ್ರು ಕಲ್ಲಿನ ಮನುಷ್ಯ! ಎರಡ್ನೇ ಸಲ ನೀನು ಜೊತೆಗೆ ಬಂದಾಗ ಕಲ್ಲಿನ ಮೇಲೆ ಕೈಯಿಟ್ರು. ಅವ್ರು ಹೋದ ಸಲ ಕೊಟ್ಟ ಪೆಟ್ಟು ಹಾಗೇ ಉಂಟಲ್ಲ. ನನ್ನ ಮುಖ ನೋಡಿ, ‘ರಾಯರೇ, ಕಲ್ಲು ಉಪವಾಸ ಉಂಟಲ್ಲ, ಏಕಾದಶಿಯಾ?’ ಅಂದ್ರು. ನನಗೆ ಭೂಮಿ ಬಿರಿಯಬಾರದಾ ಅನ್ನಿಸ್ತು. ಕೈ ಮುಗಿದೆ. ಅವ್ರು ನಕ್ಕರು. ಆಮೇಲೆ ಎಂತ ಹೇಳಿದ್ರು ಗೊತ್ತುಂಟಾ?"

ನನಗೆ ಕೇಳಬೇಕೆಂದಿರಲಿಲ್ಲ.

"‘ಮುಂದೆ ಕೂತಿದ್ದಾನಲ್ಲ ನನ್ನ ಹಲ್ಲು, ಅವನಿಗೆ ಹೇಳ್ಬೇಡಿ. ಹುಡುಗ ಬಾಗಿಲು ಹಾಕಿಕೊಂಡು ಬಿದ್ದಿದ್ದ. ಅಜ್ಜನಿಗೆ ನನ್ನಿಂದ ಉಪಕಾರ ಆಗ್ತದೆ ಅಂತ ಎದ್ದು ಬಂದಿದ್ದಾನೆ. ಬರ್ಲಿ. ನೀವು ಚಟ್ನಿ ಕಳ್ಸಿ, ಮಿಕ್ಸಿಯದ್ದೇ ಕಳ್ಸಿ.’ ಹಾಗೆ ಹೇಳಿ ಕೂತು ಕುಟ್ಟಿದ್ರು. ನಿನಗೆ ಸದ್ದು ಕೇಳ್ಬೇಕಲ್ಲ."

ರಾಯರು ಕಲ್ಲನ್ನು ನಾಳೆಯೇ ಟೆಂಪೊದಲ್ಲಿ ಕಳಿಸುತ್ತಾರಂತೆ. ಸೋಮವಾರ ತಾವೂ ಬರುತ್ತಾರಂತೆ.

ಈಗ ರೈಲು ಸೇತುವೆಯ ಮೇಲಿದೆ. ಒಂದು ಸ್ಪಷ್ಟೀಕರಣವನ್ನು ದಾಖಲೆಗೆ ಸೇರಿಸಬೇಕು. ಸೂರತ್ತಿನಲ್ಲಿ ಅಷ್ಟು ವರ್ಷ ನಾನು ಮಿಕ್ಸಿ ಚಟ್ನಿಗೆ ಕಲ್ಲಿನ ಪ್ರಮಾಣಪತ್ರ ಕೊಟ್ಟದ್ದು ನಿಜ. ಆದರೆ ಅಲ್ಲಿ ಹೋಲಿಸಲು ಎರಡನೆಯ ಬಟ್ಟಲಿರಲಿಲ್ಲ. ಸೂರತ್ತಿನ ನೀರು ಬೇರೆ. ಕಾಫಿ ಕುಡಿದ ನಾಲಿಗೆ ಬೇರೆ. ಒಂದು ಊರಿನ ತಾಂತ್ರಿಕ ದೋಷದಿಂದ ನನ್ನ ದಾಖಲೆ ರದ್ದಾಗುವುದಿಲ್ಲ.

ಎದುರು ಸೀಟಿನ ಹೆಂಗಸು "ಶು ಥಯು, ಭಾಯ್?" ಎಂದು ಕೇಳಿ ನೀರಿನ ಬಾಟಲಿ ಕೊಟ್ಟಳು. ಏನಾಯಿತೆಂದು ಅವಳಿಗೆ ಹೇಗೆ ಹೇಳಲಿ? ಕಣ್ಣಿಗೆ ಕಸ ಬಿದ್ದಿದೆ ಎಂದೆ.

ನವೆಂಬರ್ ೧೬, ಭಾನುವಾರ. ಮಂಜಲ್‌ಪುರ

ಕಲ್ಲು ಬಂತು. ತರಕಾರಿ ಟೆಂಪೊದಲ್ಲಿ, ಹೂಕೋಸಿನ ನಡುವೆ ವಿರಾಜಮಾನವಾಗಿ. ಇಳಿಸಲು ಬೀದಿಯ ಗಂಡಸರೆಲ್ಲ ಬೇಕಾಯಿತು. ಕೊನೆಯಲ್ಲಿ ನಾನೂ ಅಪ್ಪನೂ ಅದನ್ನು ಎರಡು ಕೈಯಲ್ಲಿ ಸವರುತ್ತ ನಿಂತದ್ದು ನೋಡಿ ಡ್ರೈವರ್ ಕೇಳಿದ: "ಆ ಪಥ್ಥರ್ ಛೇ ಕೆ ಭಗವಾನ್?"

ಅಪ್ಪ ಗುಜರಾತಿಯಲ್ಲೇ ಉತ್ತರಿಸಿದರು, ಕಲ್ಲೂ ಅಲ್ಲ, ದೇವರೂ ಅಲ್ಲ, ನನ್ನ ಅಪ್ಪ, ಎಂದು.

ಸಂಜೆ ಜಗಳವಾಯಿತು. ಇದರಲ್ಲಿ ಅರೆಯಬಾರದೆಂದು ನಾನು ಹೇಳಿದೆ. ನನಗೇ ಆಶ್ಚರ್ಯವಾಗುವಷ್ಟು ಜೋರಾಗಿ ಹೇಳಿದೆ. ಅಜ್ಜನ ಬದುಕಿನಲ್ಲಿ ಯಾರ ಹೊಟ್ಟೆಗೂ ಹೋಗದೆ ಉಳಿದಿರುವುದು ಇದೊಂದೇ. ನಾಳೆ ನಾವೇ ಅದನ್ನು ತಿಂದು ಮುಗಿಸುವುದೇ? ಒಂದು ಗಾಜಿನ ಪೆಟ್ಟಿಗೆ ಮಾಡಿಸಿ ಇಡೋಣ. ಅಪ್ಪ ನನ್ನ ಕಡೆಗೇ ಇದ್ದರು.

ಅಮ್ಮ ಕಾಯಿ ತುರಿಯುವ ಮಣೆ ತೊಳೆಯುತ್ತಿದ್ದವಳು ತಿರುಗಲೂ ಇಲ್ಲ. "ಗಾಜಿನ ಪೆಟ್ಟಿಗೆಯಲ್ಲಿ ಇಡ್ಲಿಕ್ಕೆ ಅಂತ ಮಾವ ಬಿಸಿಲಲ್ಲಿ ಕೂತು ಕುಟ್ಟಿದ್ದಾ? ಉಪವಾಸ ಕೂತ ಕಲ್ಲು ಅಂತ ಅವ್ರೇ ಹೇಳಿದ್ದಲ್ವಾ? ನಾಳೆಯಾದ್ರೂ ಅದ್ರ ಹೊಟ್ಟೆಗೆ ಎಂತಾದ್ರೂ ಬೀಳ್ಲಿ. ಅರೆಯುವವ ನೀನೇ."

"ನಾನಾ?"

"ಮತ್ತೆ? ನನ್ನ ಹೆಗಲು ಆಗುದಿಲ್ಲ ಅಂತ ಮಾವ ಯಾವಾಗ್ಲೋ ತೀರ್ಮಾನ ಮಾಡಿದ್ದಾರೆ."

ನವೆಂಬರ್ ೧೭, ಸೋಮವಾರ

ಬೆಳಿಗ್ಗೆ ಅರೆಯಲು ಕೂತೆ. ಕಲ್ಲಿನ ಮುಂದೆ ಹೇಗೆ ಕೂರಬೇಕೆಂದೇ ಗೊತ್ತಿಲ್ಲ. ಇಷ್ಟು ವರ್ಷ ನಾನು ಫಲಾನುಭವಿ ಮಾತ್ರ. ಮೊದಲು ಒಂದಿಷ್ಟು ತೌಡು, ನೀರು ಹಾಕಿ ತಿರುಗಿಸಿ ಚೆಲ್ಲಬೇಕು, ಪೆಟ್ಟಿನ ಪುಡಿ ಹೋಗಲು. ಇದು ಅಜ್ಜ ಹೇಳುತ್ತಿದ್ದುದು ನೆನಪಿತ್ತು. ಬೂದಿ ಬಣ್ಣದ ಆ ನೀರನ್ನು ಬೇವಿನ ಬುಡಕ್ಕೆ ಸುರಿದೆ. ಬಿಸಿಲಿಗೆ ಒಳಗೆ ಏನೋ ಮಿನುಗಿತು. ಅಜ್ಜ ಕೊಟ್ಟ ಪೆಟ್ಟಿನ ತುದಿಗಳು.

ಆಮೇಲೆ ತೆಂಗಿನಕಾಯಿ, ಹಸಿಮೆಣಸು, ಶುಂಠಿ, ಹುಣಸೆ. ಗುಂಡುಕಲ್ಲು ತಿರುಗಿದಾಗ ಕರಕರ ಎಂದು ದೊಡ್ಡ ಸದ್ದು. ಒಳಗಿನಿಂದ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಸಣ್ಣವರಿದ್ದಾಗ ಈ ಸದ್ದಿಗೇ ಏಳುತ್ತಿದ್ದರಂತೆ.

ಎಲೆ ಬಡಿಸಿದರು. ಕೋಣೆಯೊಳಗೆ ಇಟ್ಟು, ಬಾಗಿಲು ಮುಚ್ಚಿ, ನಾವೆಲ್ಲ ಹೊರಗೆ ನಿಂತೆವು: ಅಪ್ಪ, ಅಮ್ಮ, ವರ್ಷಿಣಿ, ಸೂರತ್ತಿನಿಂದ ಬಂದ ರಾಯರು, ನಾನು. ಒಳಗೆ ಫ್ಯಾನು ತಿರುಗುವ ಸದ್ದು ಮಾತ್ರ. ಅಪ್ಪ ಬಾಗಿಲು ತಟ್ಟಿದರು. ತಟ್ಟಿ, ಮಗುವಿನ ಹಾಗೆ ಉತ್ತರಕ್ಕೆ ಕಾದರು. ತೆರೆದರು.

ಎಲೆ ಹಾಗೆಯೇ ಇತ್ತು. ಅಮ್ಮ ಬಗ್ಗಿ ನೋಡಿ, "ಚಟ್ನಿ ಒಂದು ಬದಿಯಲ್ಲಿ ಕಮ್ಮಿಯಾಗಿದೆ," ಎಂದಳು. ನನಗೂ ಕಮ್ಮಿಯಾದ ಹಾಗೇ ಕಂಡಿತು.

ಊಟಕ್ಕೆ ಕೂತಾಗ ವರ್ಷಿಣಿ ಎರಡು ಬಟ್ಟಲು ತಂದು ನನ್ನ ಮುಂದಿಟ್ಟಳು. ಹೋಟೆಲುಗಳಲ್ಲಿ ನಡೆಯುತ್ತಿದ್ದ ಪರೀಕ್ಷೆಯ ಕಥೆಯನ್ನು ನಾನೇ ಅವಳಿಗೆ ಎಷ್ಟು ಸಲ ಹೇಳಿಲ್ಲ! "ಅಣ್ಣಾ, ಟೆಸ್ಟ್. ಒಂದು ನಿಂದು, ಒಂದು ಅಮ್ಮಂದು ಮಿಕ್ಸಿ. ಆಂಖೇಂ ಬಂದ್."

ರಾಯರು ಮುಂದಕ್ಕೆ ಬಗ್ಗಿದರು. ಕಣ್ಣು ಮುಚ್ಚಿದೆ. ಎರಡನ್ನೂ ನೆಕ್ಕಿದೆ. ಎಡಗಡೆಯದನ್ನು ಇನ್ನೊಮ್ಮೆ ನೆಕ್ಕಿದೆ. "ಇದು," ಎಂದೆ. ಅಲ್ಲಿಗೆ ನಿಲ್ಲಿಸಬಾರದಿತ್ತೇ? ಮೈಕಿನ ಚಟ. ಕಾಯಿ ಕತ್ತರಿಸಿಕೊಂಡಿಲ್ಲ, ಅರೆದುಕೊಂಡಿದೆ. ಮೆಣಸು ಮುನಿಸಿಕೊಂಡಿಲ್ಲ, ಕರಗಿದೆ. ಇದರಲ್ಲಿ ಒಬ್ಬ ಮನುಷ್ಯನ ಕೈ ಇದೆ. ಇದನ್ನು ಯಾವ ಯಂತ್ರವೂ ಮಾಡಲಾರದು, ಎಂದೆಲ್ಲ ಹೇಳಿದೆ. ಹೇಳುತ್ತ ಅತ್ತೆ. ಎಲ್ಲರೆದುರು, ಮೂಗು ಸೋರುವ ಹಾಗೆ.

"ಅಣ್ಣಾ," ಎಂದಳು ವರ್ಷಿಣಿ, ತುಂಬ ಮೆಲ್ಲಗೆ. "ಅದು ಮಿಕ್ಸಿ."

ಮೊದಲು ನಕ್ಕದ್ದು ರಾಯರು. ಆಮೇಲೆ ಅಪ್ಪ, ಬೋಳುತಲೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ. ಅಮ್ಮ ಮಾತ್ರ ನಗಲಿಲ್ಲ. ಸೌಟು ನೆಲಕ್ಕೆ ಕುಕ್ಕಿ ಎದ್ದು ನಿಂತಳು. "ಕತ್ತೆ! ಸೂತಕ ಅಂತಲೂ ಇಲ್ಲ, ಅಜ್ಜ ಹೋಗಿ ನಾಲ್ಕು ದಿನ ಆಗ್ಲಿಲ್ಲ, ಹಾಲಿನ ಚೀಲ ಹಿಡ್ಕೊಂಡು ಹೋಗಿ ಕಂಡವರ ಒಗ್ಗರಣೆ ತಿಂದು ಬಂದಿದ್ದಾನೆ! ನಾಲಿಗೆ ಕೆಡದೆ ಎಂತಾಗ್ತದೆ? ನನಗೆ ಗೊತ್ತಿಲ್ಲ ಅಂತ ಎಣಿಸಿದ್ದಾ?" ಬೈದಳು, ಬೈದಳು, ಬೈಯುತ್ತಲೇ ನನ್ನ ಎಲೆಗೆ ಅನ್ನ ಬಡಿಸಿದಳು. ಇಷ್ಟು ದಿನದ ಬಾಕಿಯನ್ನೆಲ್ಲ ಒಟ್ಟಿಗೇ ತೀರಿಸಿದಳು.

ಬಲಗಡೆಯ ಬಟ್ಟಲನ್ನು ನಾನು ಪೂರ್ತಿ ತಿಂದೆ. ಹಲ್ಲಿಗೆ ಮರಳು ಸಿಕ್ಕಿತು, ಕಟ್ ಎಂದು. "ಸಿಕ್ತಾ?" ಎಂದು ಅಪ್ಪ ಕೇಳಿದರು. ಇಲ್ಲವೆಂದು ತಲೆಯಾಡಿಸಿ ನುಂಗಿದೆ.

ಸಂಜೆಯ ಚಹಾ ಆಗಿದೆ. ರಾಯರು ಹೊರಟುಹೋದರು. ಈಗ ನ್ಯಾಯಾಧೀಶರ ಮುಂದೆ ಉಳಿದದ್ದನ್ನೂ ಹೇಳಿ ಮುಗಿಸುತ್ತೇನೆ.

ನಾಲಿಗೆ ಒಗ್ಗರಣೆಯಿಂದ ಕೆಟ್ಟದ್ದಲ್ಲ. ಸೂರತ್ತಿನ ನೀರಿನ ದೋಷವೂ ಅಲ್ಲ. ಕಲ್ಲಿನದು ಯಾವುದು, ಮಿಕ್ಸಿಯದು ಯಾವುದು ಎಂದು ನನಗೆ ಎಂದೂ ಗೊತ್ತಾಗಿಲ್ಲ. ಯಾವ ಊರಲ್ಲೂ, ಯಾವ ಹೋಟೆಲಲ್ಲೂ, ಒಂದು ಸಲವೂ. ನಾನು ಕಣ್ಣನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ರೆಪ್ಪೆಯ ಸಂದಿಯಿಂದ ಅಜ್ಜನ ಮುಖ ನೋಡುತ್ತಿದ್ದೆ. ಸರಿಯಾದ ಬಟ್ಟಲಿಗೆ ಬೆರಳು ಹೋದಾಗ ಅವರ ಎಡ ಹುಬ್ಬು ಮೇಲೇಳುತ್ತಿತ್ತು, ಅದರಿಂದ ಒಂದಿಷ್ಟು ಬಿಳಿ ಪುಡಿ ಉದುರುತ್ತಿತ್ತು. ಅಷ್ಟು ನೋಡಿ ತೀರ್ಪು ಕೊಡುತ್ತಿದ್ದೆ. ಸೂರತ್ತಿನಲ್ಲೂ ಪ್ರತಿ ಸಲ ಆ ಹುಬ್ಬು ಎದ್ದಿತ್ತು.

ಇವತ್ತೂ ಸಂದಿಯಿಂದ ನೋಡಿದೆ. ಎದುರಿಗೆ ಅಜ್ಜನ ಬೆತ್ತದ ಕುರ್ಚಿ ಖಾಲಿ ಇತ್ತು.